ಇಟ್ಟಿಗೆ ಹಿಡಿದ ಕೈ
ಅಮೆರಿಕನ್ ಫುಟ್‌ಬಾಲ್ ಆಟಗಾರ ಜೆರ್ರಿ ರೈಸ್ ದಾಖಲೆಗಳಿಗೆ ಜೋ ಮೊಂಟಾನಾ, ಸ್ಟೀವ್ ಯಂಗ್ ಥರದ, ಚೆಂಡು ಎಸೆದುಕೊಡುವ ಕ್ವಾರ್ಟರ್‌ಬ್ಯಾಕ್‌ಗಳೇ ಕಾರಣ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ ಸರ್. ಚೆಂಡು ಎಸೆಯುವವನು ಸರಿಯಿಲ್ಲದಿದ್ದರೆ, ಅದನ್ನು ಹಿಡಿಯಬೇಕಾದ ರೈಸ್‌ನಂಥ ವೈಡ್ ರಿಸೀವರ್ ಎಷ್ಟು ಓಡಿದರೂ ದಂಡವೇ. ಆದರೆ 2002ರ ಸೀಸನ್ ನೋಡಿ. ಇಬ್ಬರೂ ಜೊತೆಗಿಲ್ಲ, ತಂಡವೂ ಬೇರೆ, ಓಕ್ಲೆಂಡ್ ರೈಡರ್ಸ್, ಸೀಸನ್ ನಡುವೆ ರೈಸ್‌ಗೆ 40 ವರ್ಷ ತುಂಬಿತು. ಆದರೂ 92 ಕ್ಯಾಚ್, ಅವುಗಳಿಂದ ತಂಡಕ್ಕೆ ಗಳಿಸಿಕೊಟ್ಟ ದೂರ 1,211 ಗಜ! ಆ ವಯಸ್ಸಿಗೆ ಬಹುತೇಕ ರಿಸೀವರ್‌ಗಳು ಟೀವಿ ಮುಂದೆ ಕೂತಿರುತ್ತಾರೆ.

ಲೇಖನದಲ್ಲಿ ಬಿಟ್ಟುಹೋಗಿದ್ದು ಮಿಸಿಸಿಪಿ ರಾಜ್ಯದಲ್ಲಿ ಕಳೆದ ರೈಸ್‌ನ ಬಾಲ್ಯ. ಅಪ್ಪ ಗಾರೆ ಕೆಲಸದವರು. ಅಣ್ಣತಮ್ಮಂದಿರು ಕೆಳಗಿಂದ ಎಸೆದ ಇಟ್ಟಿಗೆಯನ್ನು ಈತ ಸಾರುವೆ ಮೇಲೆ ನಿಂತು ಹಿಡಿಯುತ್ತಿದ್ದ. ಆ ಕೆಲಸ ಮಾಡಿದವರಿಗೆ ಗೊತ್ತು, ಕೈ ಬಿಗಿಹಿಡಿದರೆ ಅಂಗೈ ಸುಲಿಯುತ್ತೆ. ಬರುವ ವೇಗಕ್ಕೆ ತಕ್ಕಂತೆ ಕೈಯನ್ನು ತುಸು ಹಿಂದೆಳೆದುಕೊಳ್ಳಬೇಕು. ಹಳೆ ವಿಡಿಯೋಗಳಲ್ಲಿ ಅವನ ಬೆರಳು ನೋಡಿ, ಅದೇ ಮೆತ್ತನೆ ಹಿಡಿತ.

1985ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, 15 ಆಟಗಾರರು ಆಯ್ಕೆಯಾದ ಮೇಲೆ ಇವನ ಸರದಿ ಬಂತು. ಅವರಲ್ಲಿ ಇಬ್ಬರು ರಿಸೀವರ್‌ಗಳೇ! ನಿವೃತ್ತಿ ಹೊತ್ತಿಗೆ ಒಟ್ಟು 22,895 ಗಜ. ಎರಡನೇ ಸ್ಥಾನದ ಲ್ಯಾರಿ ಫಿಟ್ಜೆರಾಲ್ಡ್ 17 ಸೀಸನ್ ಆಡಿಯೂ ಇವನಿಗಿಂತ 5,000ಕ್ಕೂ ಹೆಚ್ಚು ಗಜ ಹಿಂದೆ ಉಳಿದರು. ಅದಕ್ಕೂ ಮೊಂಟಾನಾನೇ ಕಾರಣವಾ?