ಪಾರ್ಕಿಂಗ್‌ನಲ್ಲಿ ಹುಟ್ಟುವ ಮೆಕ್ಯಾನಿಕ್‌ಗಳು

ಪುಣೆಯಲ್ಲಿ ಅಕ್ಕಪಕ್ಕದವರ ಪರಿಚಯ ಆಗಬೇಕೆಂದರೆ ಗಣಪತಿ ಹಬ್ಬದವರೆಗೆ ಕಾಯಬೇಕಾಗಿಲ್ಲ. ಸ್ಟಾರ್ಟ್ ಆಗದ ಒಂದು ಹಳೇ ಬೈಕ್ ಇದ್ದರೆ ಸಾಕು. ಬೆಳಿಗ್ಗೆ ಎಲ್ಲರೂ ಆಫೀಸಿಗೆ ಹೊರಡುವ ಹೊತ್ತಿಗೆ ಸೆಲ್ಫ್ ಒತ್ತಿ, ಒಂದು 'ಟಿಕ್' ಅನ್ನಿಸಿ, ಸುಮ್ನೆ ನಿಂತುಕೊಳ್ಳಿ. ಲಿಫ್ಟಿನಿಂದ ಒಬ್ಬರು, ವಾಚ್‌ಮನ್ ಕ್ಯಾಬಿನ್‌ನಿಂದ ಒಬ್ಬರು, ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಇನ್ನೊಬ್ಬರು ಬಂದು ಸೇರುತ್ತಾರೆ. ವರ್ಷಗಟ್ಟಲೆ ಎದುರಿಗೆ ಸಿಕ್ಕರೂ ನಗದವರು ನಿಮ್ಮ ಗಾಡಿ ಪಕ್ಕ ಕುಕ್ಕರಗಾಲಲ್ಲಿ ಕೂತು ಏನಾಗಿದೆ ಅಂತ ಹೇಳೋಕೆ ಶುರು ಮಾಡುತ್ತಾರೆ.

ನನ್ನದು 2006ರ ಗಾಡಿ. 150 ಸಿಸಿ, ಕಾರ್ಬ್ಯುರೇಟರ್, ಕಿಕ್ಕೂ ಇದೆ ಸೆಲ್ಫೂ ಇದೆ. ಅಪ್ಪ ವಿಜಯಪುರದಲ್ಲಿ ಓಡಿಸಿ, ಮೊಣಕಾಲು ನೋವು ಶುರುವಾದ ಮೇಲೆ ನನಗೆ ದಾಟಿಸಿದ್ದು. 2017ರ ಏಪ್ರಿಲ್ ಆದಮೇಲೆ ಬಂದ ಗಾಡಿಗಳಿಗೆ ಹೆಡ್‌ಲೈಟ್ ಆರಿಸೋ ಸ್ವಿಚ್ಚೇ ಇಲ್ಲ, ಇಂಜಿನ್ ಜೊತೆ ತಾನೇ ಹೊತ್ತಿಕೊಳ್ಳುತ್ತೆ. ನನ್ನದಕ್ಕೆ ಸ್ವಿಚ್ ಇದೆ, ಚೋಕ್ ಇದೆ, ರಿಸರ್ವ್ ಕಾಕ್ ಇದೆ. ಅಂದರೆ ಕಂಡವರು ಕೈಯಾಡಿಸೋಕೆ ಜಾಗ ಜಾಸ್ತಿ. ಸೊಸೈಟಿ ಮಕ್ಕಳಿಗಂತೂ ಅದರ ಕೆಂಪು ಕಿಲ್ ಸ್ವಿಚ್ ಅಂದರೆ ಪ್ರಾಣ. ಸಂಜೆ ಸೀಟಿನ ಮೇಲೆ ಕೂತು ಬಾಯಲ್ಲೇ ಇಂಜಿನ್ ಓಡಿಸಿ, ಗೋವಾ ತನಕ ಹೋಗಿಬಂದು, ಇಳಿಯುವಾಗ ಶಿಸ್ತಾಗಿ ಅದನ್ನು ಆಫ್ ಮಾಡಿ ಇಳಿಯುತ್ತಾರೆ. ಹಾಗಾಗಿ ನಾನು ಮೊದಲು ನೋಡೋದೇ ಅದನ್ನ, ಆಮೇಲೆ ಪೆಟ್ರೋಲ್. ಈ ಸಲ ಎರಡೂ ಸರಿಯಾಗಿದ್ದವು.

ಮೊದಲು ಬಂದವರು ಕೆಳಗಿನ ಮನೆ ಕಾಕಾ. ಇಂಡಿ ಕಡೆಯವರು, ರಿಟೈರ್ ಆಗಿ ಮಗನ ಜೊತೆ ಇದ್ದಾರೆ.

"ತಮ್ಮಾ, ಪ್ಲಗ್ ತಗದು ನೋಡು."

"ಬ್ಯಾಟರಿ ಇಳಿದಂಗಿದೆ ಕಾಕಾ."

"ಬ್ಯಾಟರಿಗೂ ಸ್ಟಾರ್ಟಿಂಗಿಗೂ ಏನ್ ಸಂಬಂಧ? ನಾ ಬ್ಯಾಟರಿ ಇಲ್ದನ ಗಾಡಿ ಹೊಡದೀನಿ."

ಕಾಕಾ ಹೇಳಿದ್ದು ಸುಳ್ಳಲ್ಲ. ಅವರ ಕಾಲದ ಎಷ್ಟೋ ಗಾಡಿಗಳಲ್ಲಿ ಪ್ಲಗ್ಗಿಗೆ ಕರೆಂಟು ಮ್ಯಾಗ್ನೆಟ್ ಕಾಯಿಲ್‌ನಿಂದಲೇ ಬರುತ್ತಿತ್ತು, ಬ್ಯಾಟರಿ ಇದ್ದದ್ದು ಹಾರ್ನಿಗೆ, ಇಂಡಿಕೇಟರಿಗೆ. ಬ್ಯಾಟರಿ ಸತ್ತರೂ ಒಂದು ಕಿಕ್ಕಿಗೆ ಏಳುತ್ತಿದ್ದವು. ನನ್ನ ಗಾಡಿಯ ಸಿಡಿಐ, ಅಂದರೆ ಪ್ಲಗ್ಗಿಗೆ ಕಿಡಿ ಕೊಡಿಸೋ ಡಬ್ಬಿ, ಹಾಗಲ್ಲ, ಅದಕ್ಕೆ ಬ್ಯಾಟರಿ ಕರೆಂಟೇ ಬೇಕು. ಬ್ಯಾಟರಿ ಪೂರ್ತಿ ಇಳಿದರೆ ಎಷ್ಟು ಕಿಕ್ ಹೊಡೆದರೂ ಕಾಲಿಗೆ ಬಾವು ಬರುತ್ತೆ, ಕಿಡಿ ಬರಲ್ಲ. ಇಷ್ಟನ್ನೂ ಬಿಡಿಸಿ ಹೇಳಿ ತಲೆ ಎತ್ತಿದರೆ ಕಾಕಾ ಆಗಲೇ ಪ್ಲಗ್ ಪಾನಾ ತರೋಕೆ ಮನೆಗೆ ಹೋಗಿದ್ದರು.

ಪ್ಲಗ್ ಬಿಚ್ಚಿದ್ದಾಯಿತು. ಪೆಟ್ರೋಲಿನಲ್ಲಿ ಒದ್ದೆಯಾಗಿತ್ತು. ಅಂದರೆ ಪೆಟ್ರೋಲ್ ಬರ್ತಾ ಇದೆ, ಸುಡೋಕೆ ಕಿಡಿ ಇಲ್ಲ. ಕಾಕಾ ಅದನ್ನು ಲುಂಗಿ ತುದಿಯಲ್ಲಿ ಒರೆಸಿ, ಊದಿ, ಕಣ್ಣಿಗೆ ಒತ್ತಿಕೊಂಡಂತೆ ಹತ್ತಿರ ಹಿಡಿದು ನೋಡಿ, ವಾಪಸ್ ಹಾಕಿ, "ಹೂಂ, ಹೊಡಿ" ಅಂದರು. ಗಾಡಿ 'ಟಿಕ್' ಅಂದಿತು.

ಮೂರನೇ ಮಹಡಿಯವರು ತಳ್ಳೋಣ ಅಂದರು. ಸೆಕೆಂಡ್ ಗೇರ್ ಹಾಕಿ, ಕ್ಲಚ್ ಹಿಡಿದು, ಇಳಿಜಾರಲ್ಲಿ ಬಿಟ್ಟು ತಟ್ಟನೆ ಕ್ಲಚ್ ಬಿಡಬೇಕು, ಅದೇನೋ ಸರಿ. ಆದರೆ ನಮ್ಮದು ನೆಲಮಾಳಿಗೆಯ ಪಾರ್ಕಿಂಗ್. ಇಳಿಜಾರು ಇರೋದು ಒಳಗೆ ಬರೋರಿಗೆ, ಹೊರಗೆ ಹೋಗೋರಿಗೆ ಅದು ಏರು. ನಾಲ್ಕು ಜನ ಸೇರಿ ಏರಿಸಿ, ಮತ್ತೆ ಇಳಿಸಿ, ಇಂಜಿನ್ ಒಂದು ಸಲ ಕೆಮ್ಮಿ ಸುಮ್ಮನಾಯಿತು. ವಾಚ್‌ಮನ್‌ಗೆ ಮಾತ್ರ ಒಳ್ಳೇ ಮನರಂಜನೆ.

ಆಮೇಲೆ ಮೆಕ್ಯಾನಿಕ್. ಆತ ತನ್ನ ಗಾಡಿಯಿಂದ ಇಳಿಯೋ ಮೊದಲೇ, "ಬ್ಯಾಟರಿ ಗೇಲೀ, ಸಾಹೇಬ್" ಅಂದ, ಮರಾಠಿಯಲ್ಲಿ ಬ್ಯಾಟರಿ ಹೋಯಿತು ಅಂತ. ಹೊಸ ಬ್ಯಾಟರಿ ಹಾಕಿದ. ಒಂದೇ ಸಲಕ್ಕೆ ಎದ್ದಿತು. ಹೊಸ ಬ್ಯಾಟರಿ ಅಂಗಡಿಯಿಂದಲೇ ಚಾರ್ಜ್ ತುಂಬಿಕೊಂಡು ಬಂದಿರುತ್ತೆ, ಏಳದೆ ಏನು ಮಾಡುತ್ತೆ ಹೇಳಿ. ಆ ಚಾರ್ಜ್ ಇರೋ ತನಕ ಗಾಡಿ ಓಡುತ್ತೆ, ಮೆಕ್ಯಾನಿಕ್ ದೇವರಾಗಿರುತ್ತಾನೆ. ವಾರ ಕಳೆಯೋದರೊಳಗೆ ಕರ್ವೆ ರಸ್ತೆಯ ನಳ್ ಸ್ಟಾಪ್ ಸಿಗ್ನಲ್ಲಿನಲ್ಲಿ ಇಂಡಿಕೇಟರ್ ಮಿನುಗೋದು ಬಿಟ್ಟು ಮಂಕಾಗಿ ಉರಿಯೋಕೆ ಶುರುವಾಯಿತು, ಹಾರ್ನ್ ಒತ್ತಿದರೆ ನನಗೇ ಕೇಳಿಸಲಿಲ್ಲ, ಹಿಂದಿನ ಪಿಎಂಪಿಎಂಎಲ್ ಸಿಟಿ ಬಸ್ಸಿನ ಹಾರ್ನ್ ಮಾತ್ರ ಬಹಳ ಚೆನ್ನಾಗಿ ಕೇಳಿಸಿತು.

ನಿಜ ಹೇಳಬೇಕೆಂದರೆ ಈ ಊರಿನ ಟ್ರಾಫಿಕ್ಕೇ ಸಣ್ಣ ಬ್ಯಾಟರಿಗೆ ಶತ್ರು. ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿ ನಿಂತರೆ 21 ವ್ಯಾಟಿನ ಬ್ರೇಕ್ ಲೈಟ್ ಒಂದೇ ಹತ್ತಿರ ಹತ್ತಿರ 2 ಆಂಪಿಯರ್ ಎಳೆಯುತ್ತೆ, ಅದೇ ಹೊತ್ತಿಗೆ ಐಡಲ್‌ನಲ್ಲಿರೋ ಇಂಜಿನ್ ಕೊಡೋದು ಕಮ್ಮಿ. ಸೆಲ್ಫಂತೂ ಒಂದೊಂದು ಸಲಕ್ಕೂ ಗುಟುಕು ಗುಟುಕಾಗಿ ಕುಡಿದುಬಿಡುತ್ತೆ. ಎರಡು ಕಿಲೋಮೀಟರ್ ಹೋಗಿ ತರಕಾರಿ ತಂದರೆ ಅದು ವಾಪಸ್ ತುಂಬೋದಿಲ್ಲ. ಆದರೂ ಇಷ್ಟು ಬೇಗ ಇಳೀಬಾರದು, ಅಲ್ವಾ?

ಎರಡನೇ ಮೆಕ್ಯಾನಿಕ್, ಇಂಜಿನ್ ತಿರುಗುವಾಗ ಕರೆಂಟು ಹುಟ್ಟಿಸೋ ಕಾಯಿಲ್ ಪ್ಲೇಟ್ ಸುಟ್ಟಿದೆ ಅಂದ. ಮೂರನೆಯವನು ಕಟ್‌ಔಟ್, ಅಂದರೆ ಆ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ಕಳಿಸೋ ರೆಗ್ಯುಲೇಟರ್, ಹೋಗಿದೆ, ವೈರಿಂಗನ್ನೂ ಪೂರ್ತಿ ಬದಲಿಸಿಬಿಡೋಣ ಅಂದ. ನಾಲ್ಕನೆಯವರು ಮೆಕ್ಯಾನಿಕ್ ಅಲ್ಲ, ನನ್ನ ಭಾವ. ಗಾಡಿನೇ ಬದಲಿಸಿಬಿಡಿ ಅಂದರು. ಇದೆಲ್ಲಾ ಕೇಳಿಸಿಕೊಂಡು ಚಪಾತಿ ಲಟ್ಟಿಸುತ್ತಿದ್ದ ನನ್ನ ಹೆಂಡತಿ, "ಅಲ್ರೀ, ಜ್ವರ ಎಷ್ಟಿದೆ ಅಂತ ಒಬ್ಬರೂ ನೋಡ್ಲಿಲ್ಲ, ಎಲ್ಲರೂ ಮಾತ್ರೆ ಬರೀತಾನೇ ಇದಾರಲ್ಲ?" ಅಂದಳು.

ಮಲ್ಟಿಮೀಟರ್ ತಂದೆ. ಬೆಲೆ ಎಷ್ಟು ಅಂದರೆ, ಇಲ್ಲಿಯವರೆಗೆ ಮೆಕ್ಯಾನಿಕ್‌ಗಳು 'ಬರೀ ನೋಡಿದ್ದಕ್ಕೆ' ತೊಗೊಂಡ ದುಡ್ಡಿಗಿಂತ ಕಮ್ಮಿ.

ಭಾನುವಾರ ಚಾರ್ಜರ್‌ಗೆ ಹಾಕಿ ತುಂಬಿಸಿದ ಬ್ಯಾಟರಿ ಕೂರಿಸಿ, ಸೀಟ್ ಬಿಚ್ಚಿ, ಕೆಂಪು ಕಡ್ಡಿ ಪ್ಲಸ್ಸಿಗೆ ಕಪ್ಪು ಕಡ್ಡಿ ಮೈನಸ್ಸಿಗೆ ಇಟ್ಟೆ. 12.6 ವೋಲ್ಟ್. ಇದು ತುಂಬಿದ ಬ್ಯಾಟರಿ, ಸರಿ. 12ಕ್ಕಿಂತ ಕೆಳಗಿದ್ದರೆ ಇಳಿದಿದೆ ಅಂತ ಲೆಕ್ಕ. ಗಾಡಿ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ತಿರುವಿದೆ. ಚಾರ್ಜ್ ಆಗ್ತಾ ಇದ್ದರೆ ಈಗ 14ರ ಆಸುಪಾಸಿಗೆ ಏರಬೇಕು. 15 ದಾಟಿದರೂ ಕೆಟ್ಟದ್ದೇ, ಆಗ ಕಟ್‌ಔಟ್ ಕೆಲಸ ಮಾಡ್ತಿಲ್ಲ ಅಂತ, ಬ್ಯಾಟರಿ ಕುದ್ದುಹೋಗುತ್ತೆ. ನನ್ನದು ಏರಲೂ ಇಲ್ಲ, ನಿಲ್ಲಲೂ ಇಲ್ಲ. 12.4, 12.3, 12.2. ನೋಡ್ತಾ ನೋಡ್ತಾ ಇಳೀತಾ ಇತ್ತು. ಕಾಕಾ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದರು, ಬೆಳಕು ಪೂರ್ತಿ ನನ್ನ ಕಣ್ಣಿಗೆ.

ಕಾಯಿಲ್‌ನಿಂದ ಬರುವ ಮೂರು ಹಳದಿ ವೈರುಗಳು ಪಕ್ಕದ ಕವರಿನ ಹಿಂದೆ ಒಂದು ಬಿಳಿ ಕಪ್ಲರಿನಲ್ಲಿ ಕಟ್‌ಔಟ್ ವೈರುಗಳಿಗೆ ಸೇರುತ್ತವೆ. ಅದನ್ನು ಬಿಚ್ಚಿ ಅಳೆಯೋಣ ಅಂತ ಎಳೆದರೆ ಬರಲೇ ಇಲ್ಲ. ಪ್ಲಾಸ್ಟಿಕ್ ಕರಗಿ ಎರಡು ಅರ್ಧಗಳೂ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದು ಮೂಲೆ ಬಿಳಿ ಹೋಗಿ ಕಂದಾಗಿತ್ತು. ಆ ಮೂಲೆಯ ಹಳದಿ ವೈರಿನ ಮೇಲಿನ ರಬ್ಬರ್ ಗಟ್ಟಿಯಾಗಿ, ಬಗ್ಗಿಸಿದರೆ ಪುಡಿಯಾಗಿ ಉದುರುತ್ತಿತ್ತು. ಒಳಗಿನ ಪಿನ್ ಕಪ್ಪು, ಪಕ್ಕದ್ದರ ಮೇಲೆ ಹಸಿರು ಕಿಲುಬು. ಹೀಗಾಗೋದಕ್ಕೆ ದೊಡ್ಡ ಕಾರಣ ಏನೂ ಬೇಡ. ಮಳೆಗಾಲದ ನೀರು, ರಸ್ತೆಯ ಗುಂಡಿ, ಪಿನ್ ಸ್ವಲ್ಪ ಸಡಿಲ. ಸಡಿಲವಾದ ಕಡೆ ಬಿಸಿ ಆಗುತ್ತೆ, ಬಿಸಿ ಆದರೆ ಇನ್ನೂ ಸಡಿಲ ಆಗುತ್ತೆ. ವರ್ಷಗಟ್ಟಲೆ ಒಳಗೊಳಗೇ ಬೆಂದಿತ್ತು ಪಾಪ.

ಕತ್ತರಿಸಿ ಕಾಯಿಲ್ ಕಡೆಯ ಮೂರು ವೈರು ಎರಡೆರಡಾಗಿ ಹಿಡಿದು ಎಸಿ ವೋಲ್ಟ್ ಅಳೆದೆ. ಮೂರು ಜೋಡಿಯಲ್ಲೂ ಹೆಚ್ಚುಕಮ್ಮಿ ಒಂದೇ ಬಂತು, ಆಕ್ಸಿಲರೇಟರ್ ಕೊಟ್ಟರೆ ಮೂರೂ ಒಟ್ಟಿಗೆ ಏರಿದವು. ಇಂಜಿನ್ ಆಫ್ ಮಾಡಿ ಬಾಡಿಗೂ ವೈರಿಗೂ ಹಿಡಿದು ನೋಡಿದೆ, ಎಲ್ಲೂ ತಾಗುತ್ತಿಲ್ಲ. ಅಂದರೆ ಕಾಯಿಲ್ ಗಟ್ಟಿಮುಟ್ಟಾಗಿದೆ. ಸುಟ್ಟಿದೆ ಅಂದವನು ಅದನ್ನು ಬಿಚ್ಚಿಯೂ ನೋಡಿರಲಿಲ್ಲ.

ಮರುದಿನ ನಾನಾ ಪೇಠೆಗೆ ಹೋದೆ. ಸ್ಪೇರ್ ಪಾರ್ಟ್ಸ್‌ಗೆ ಅದೇ ಕಾಶಿ. ಮಧ್ಯಾಹ್ನ ಹೋಗಿ ಪುಣೆಯ ಅಂಗಡಿಕಾರರ ನಿದ್ದೆ ಕೆಡಿಸುವ ಧೈರ್ಯ ನನಗಿಲ್ಲ, ಬೆಳಿಗ್ಗೆಯೇ ಹೋದೆ. ಒಂದು ಕಪ್ಲರ್ ಕೇಳಿದರೆ ಅಂಗಡಿಯವರು ಪೂರ್ತಿ ವೈರಿಂಗ್ ಸೆಟ್ ತೆಗೆದಿಟ್ಟರು. ಬೇಡ ಅಂದೆ. ಮತ್ತೆ ಕಟ್‌ಔಟ್ ತೆಗೆದಿಟ್ಟರು. ಬೇಡ, ಕಪ್ಲರ್ ಅಂದೆ. ಇಷ್ಟು ಸಣ್ಣ ಗಿರಾಕಿಯನ್ನು ಈಗಷ್ಟೇ ನೋಡುತ್ತಿದ್ದೇನೆ ಅನ್ನೋ ಮುಖ ಮಾಡಿ ಡಬ್ಬದಲ್ಲಿ ಹುಡುಕಿ ಕೊಟ್ಟರು. ಪಿನ್ ಸಮೇತ ಎರಡು ವಡಾಪಾವ್ ದುಡ್ಡು. ಸುಟ್ಟ ತುದಿ ಕತ್ತರಿಸಿ, ಹೊಳೆಯೋ ತಾಮ್ರ ಕಾಣೋ ತನಕ ಕೆರೆದು, ಪಿನ್ ಒತ್ತಿ, ಬೆಸುಗೆ ಹಾಕಿ ಕೂರಿಸಿದೆ.

ಸ್ಟಾರ್ಟ್ ಮಾಡಿ ಮೀಟರ್ ಇಟ್ಟರೆ 14.1.

"ಇದು ಏನ್ ತೋರಸ್ತದ?" ಕಾಕಾ ಕೇಳಿದರು.

"ಚಾರ್ಜ್ ಆಗ್ತಾ ಇದೆ ಕಾಕಾ. ಕಪ್ಲರ್ ಸುಟ್ಟಿತ್ತು."

"ಮತ್ತ ಪ್ಲಗ್?"

"ಪ್ಲಗ್ ಚಲೋ ಇತ್ತು."

"ನಾ ಒರಸೀನಲ್ಲ."

ಈಗ ಸೊಸೈಟಿಯಲ್ಲಿ ಯಾರ ಗಾಡಿ ಟಿಕ್ ಅಂದರೂ ಬೆಲ್ ಬಾರಿಸೋದು ನಮ್ಮನೆಗೆ. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಕಾಕಾ ಟಿವಿ ರಿಮೋಟ್ ಹಿಡಿದುಕೊಂಡು ಬಂದರು. ಸೆಲ್ ತೆಗೆದು ಅಳೆದೆ. 1.5 ಇರಬೇಕಾದದ್ದು 0.9 ಇತ್ತು. ಕಾಕಾ ಕನ್ನಡಕ ಏರಿಸಿ ಮೀಟರ್ ನೋಡಿದರು, ರಿಮೋಟ್ ತಿರುಗಿಸಿ ತಿರುಗಿಸಿ ನೋಡಿದರು, ಆಮೇಲೆ ಕೇಳಿದರು: "ಇದರಾಗ ಕಪ್ಲರ್ ಎಲ್ಲಿರ್ತದ?"