ಗೆಳೆಯ ಸೇರಿದ ಪಿಯು ಕಾಲೇಜಿಗೇ ಮಗುವೂ ಸೇರಬೇಕೆ?

ಪರ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇದೇ ರಾಗ: "ಅವನು ಹೋದಲ್ಲೇ ನಾನೂ ಹೋಗ್ತೀನಿ." ಹಟವೆಂದು ಗದರುವ ಮುಂಚೆ ಆ ನಂಟಿನ ಗುಣ ನೋಡಿ. ಮನೋವಿಜ್ಞಾನಿಗಳಾದ ಆರ್ಮ್ಸ್‌ಡೆನ್ ಮತ್ತು ಗ್ರೀನ್‌ಬರ್ಗ್ 1987ರಲ್ಲಿ ರೂಪಿಸಿದ ಪ್ರಶ್ನಾವಳಿ ಅದನ್ನು ಮೂರು ಬಗೆಯಲ್ಲಿ ಅಳೆಯುತ್ತದೆ: ನಂಬಿಕೆ, ಮಾತುಕತೆ, ಪರಕೀಯ ಭಾವ (ಗೆಳೆಯರ ನಡುವೆಯೂ ಒಂಟಿ ಅನ್ನಿಸುವುದು). ಮೊದಲೆರಡು ಹೆಚ್ಚಿದ್ದು ಮೂರನೆಯದು ಕಡಿಮೆಯಿದ್ದರೆ ಜಗಳವಾದರೂ ಸ್ನೇಹ ಉಳಿಯುವ ಸಾಧ್ಯತೆ ಹೆಚ್ಚು. ಬಿಟ್ಟುಹೋಗುತ್ತಾನೆಂಬ ಭಯವಿಲ್ಲದವನು ತಪ್ಪನ್ನು ಮುಖಕ್ಕೇ ಹೇಳುತ್ತಾನೆ, ತನ್ನದಾದರೆ ಒಪ್ಪಿಕೊಳ್ಳುತ್ತಾನೆ.

ಅಮೆರಿಕದಲ್ಲಿ 169 ಮಕ್ಕಳನ್ನು 15ರಿಂದ 25ನೇ ವಯಸ್ಸಿನವರೆಗೆ ಗಮನಿಸಿದ ಅಧ್ಯಯನವೊಂದಿದೆ. 15ರಲ್ಲಿ ಆಪ್ತ ಗೆಳೆತನವಿದ್ದವರಲ್ಲಿ 25ರ ಹೊತ್ತಿಗೆ ಜನರೆದುರಿನ ಅಳುಕು ಕಡಿಮೆಯಿತ್ತು. ತರಗತಿಯಲ್ಲಿ ಜನಪ್ರಿಯರಾಗಿದ್ದವರಲ್ಲಿ ಅದು ಹೆಚ್ಚಿತ್ತು! ನೂರು ಹೊಸ ಪರಿಚಯಕ್ಕಿಂತ ಒಬ್ಬ ಹಳೇ ಗೆಳೆಯ ಮೇಲು. ಒಂದೇ ಸೆಕ್ಷನ್ ಬೇಕೆಂದೇನಿಲ್ಲ; ಬಸ್ಸಿಗೂ ಊಟದ ಡಬ್ಬಿಗೂ ಜೊತೆಯಿದ್ದರೆ ಸಾಕು.

ವಿರೋಧ

ನಂಟು ಗಾಢವಾದ ಮಾತ್ರಕ್ಕೆ ಸ್ನೇಹ ಚೆನ್ನಾಗಿದೆ ಎನ್ನಲಾಗದು. ವಾಟ್ಸಾಪ್‌ನಲ್ಲಿ ನೀಲಿ ಟಿಕ್ ಬಿದ್ದು ಹತ್ತು ನಿಮಿಷ ಉತ್ತರ ಬರದಿದ್ದರೆ ಕೆಲವರಿಗೆ ಜೀವ ಹೋದಂತೆ. "ಕೋಪಾನಾ? ಏನಾಯ್ತು?" ಎಂದು ಕೇಳಿ ಕೇಳಿ ಎದುರಿನವನು ಬೇಸತ್ತು ದೂರ ಸರಿಯುತ್ತಾನೆ. ಹೆದರಿದ್ದೇ ಆಗುತ್ತದೆ. ಇಂಥ ನಂಟನ್ನು ಒಂದೇ ಕಾಲೇಜಿಗೆ ಕಟ್ಟಿಹಾಕಿದರೆ ಹೆದರಿಕೆಗೆ ಇನ್ನೂ ಎರಡು ವರ್ಷ ಮೇವು.

ಒಟ್ಟಿಗೆ ಕೂತು ಅದೇ ನೋವನ್ನು ಮೆಲುಕು ಹಾಕುವ ಅಭ್ಯಾಸವೂ ಸಣ್ಣದಲ್ಲ. ಮನೋವಿಜ್ಞಾನಿ ಅಮಾಂಡಾ ರೋಸ್ 2002ರಲ್ಲಿ ತೋರಿಸಿದಂತೆ ಅಂಥವರಲ್ಲಿ ಆಪ್ತತೆಯೂ ಹೆಚ್ಚು, ಖಿನ್ನತೆ-ಆತಂಕವೂ ಹೆಚ್ಚು. ಹೊರಗಿನಿಂದ ನೋಡಿದರೆ ಎಂಥಾ ಸ್ನೇಹ ಅನ್ನಿಸುತ್ತದೆ, ಅದೇ ತೊಡಕು.

ಅರ್ಜಿ ತುಂಬುವ ಮೊದಲು ಕೇಳಿ: ಗೆಳೆಯ ಕಡೇ ಗಳಿಗೆಯಲ್ಲಿ ಮನಸ್ಸು ಬದಲಿಸಿದರೂ ಇದೇ ಕಾಲೇಜು, ಇದೇ ಕಾಂಬಿನೇಷನ್ ಬೇಕಾ? ಅಕೌಂಟ್ಸ್ ಇಷ್ಟಪಡುವವನು ಜೊತೆಗಾಗಿ ಪಿಸಿಎಂಬಿ ಹಿಡಿದರೆ ಮೊದಲ ಟೆಸ್ಟಿನಲ್ಲೇ ಅಂಕ ಕುಸಿದು, ಗೆಳೆಯನ ಮೇಲೆ ಹೇಳಲಾಗದ ಮುನಿಸು ಹುಟ್ಟೀತು. ಬೇರೆ ಕಾಲೇಜಾದರೆ ವಾರಕ್ಕೊಂದು ಭೇಟಿ ನಿಗದಿ ಮಾಡಿಕೊಳ್ಳಲಿ. ಮೆಟ್ರೊದಲ್ಲಿ ಜಯನಗರದ ಹಸಿರು ಮಾರ್ಗವೂ ವೈಟ್‌ಫೀಲ್ಡಿನ ನೇರಳೆ ಮಾರ್ಗವೂ ಮೆಜೆಸ್ಟಿಕ್ಕಿನಲ್ಲಿ ಕೂಡುತ್ತವೆ. ಅಗಲಿಕೆಯಿಂದ ನಿದ್ದೆ, ಊಟ ಎರಡು ವಾರ ಕೆಟ್ಟರೆ ಮಾತ್ರ ಕಾಯಬೇಡಿ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.