ಮೌಲ್ಯ ನೋಡಿ ಎಲಿಮೆಂಟ್ ಹೊಂದಿಸುವಾಗ 'ಕೀ' ಮರೆಯಬೇಡಿ

ಎಕ್ಸ್‌ಎಸ್‌ಎಲ್‌ಟಿಯಲ್ಲಿ (ಎಕ್ಸ್‌ಎಂಎಲ್ ಡಾಕ್ಯುಮೆಂಟ್‌ಗಳನ್ನು ಬೇರೆ ರೂಪಕ್ಕೆ ಬದಲಿಸುವ ಭಾಷೆ) ಮೌಲ್ಯ ನೋಡಿ ಎಲಿಮೆಂಟ್ ಹೊಂದಿಸುವ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಪ್ರತಿ ಆರ್ಡರ್ ಸಾಲಿಗೂ ಪ್ರಾಡಕ್ಟ್ ಕೋಡ್ ಹುಡುಕಲು ಎರಡು ಸ್ಲ್ಯಾಶ್ (//) ಹಾಕಿ ಇಡೀ ಡಾಕ್ಯುಮೆಂಟ್ ಜಾಲಾಡುವ ದಾರಿ ಮಾತ್ರ ಒಪ್ಪಿಗೆಯಾಗಲಿಲ್ಲ. ಸಣ್ಣ ಫೈಲ್‌ಗೆ ಸರಿ. 5,000 ಸಾಲು, 5,000 ಪ್ರಾಡಕ್ಟ್ ಇದ್ದರೆ? ಪ್ರೊಸೆಸರ್ (ಎಕ್ಸ್‌ಎಸ್‌ಎಲ್‌ಟಿ ನಡೆಸುವ ತಂತ್ರಾಂಶ) ತಾನಾಗಿ ಇಂಡೆಕ್ಸ್ ಮಾಡಿಕೊಳ್ಳದಿದ್ದರೆ ಎರಡೂವರೆ ಕೋಟಿ ಹೋಲಿಕೆ! ಇದಕ್ಕೆಂದೇ 1999ರ ಎಕ್ಸ್‌ಎಸ್‌ಎಲ್‌ಟಿ 1.0ರಲ್ಲೇ 'ಕೀ' (ಮೌಲ್ಯದಿಂದ ಎಲಿಮೆಂಟ್ ಹುಡುಕಿಕೊಡುವ ಸೂಚಿ) ಇದೆ, ಅಲ್ವಾ? ಸ್ಟೈಲ್‌ಶೀಟ್‌ನ (ಎಕ್ಸ್‌ಎಸ್‌ಎಲ್‌ಟಿ ಫೈಲ್‌ನ) ಮೇಲ್ಭಾಗದಲ್ಲಿ ಒಮ್ಮೆ ಘೋಷಿಸಿದರೆ ಸಾಕು, ಆಮೇಲೆ ಮೌಲ್ಯ ಕೊಟ್ಟ ತಕ್ಷಣ ಅದಕ್ಕೆ ಹೊಂದುವ ನೋಡ್ (ಎಲಿಮೆಂಟ್) ಸಿಗುತ್ತದೆ. ಒಂದು ತೊಡಕು: 1.0ರಲ್ಲಿ ಕೀ ಆ ಕ್ಷಣ ಓದುತ್ತಿರುವ ಡಾಕ್ಯುಮೆಂಟ್‌ನಲ್ಲಷ್ಟೇ ಹುಡುಕುತ್ತದೆ. ಪ್ರಾಡಕ್ಟ್ ಪಟ್ಟಿ ಬೇರೆ ಫೈಲ್‌ನಲ್ಲಿದ್ದರೆ ಮೊದಲು ಫಾರ್-ಈಚ್ ಹಾಕಿ ಅಲ್ಲಿಗೆ ಹೋಗಬೇಕು. 2.0ರಲ್ಲಿ ಎಲ್ಲಿ ಹುಡುಕಬೇಕೆಂದು ಹೇಳುವ ಮೂರನೇ ಆರ್ಗ್ಯುಮೆಂಟ್ ಬಂದು ಆ ಕಷ್ಟ ತಪ್ಪಿತು.

ಕೋಡ್ ಒಂದೇ ಥರ ಕಂಡರೂ ಹೊಂದದಿದ್ದರೆ ಮೊದಲು ಖಾಲಿ ಜಾಗ ನೋಡಿ. ಟ್ಯಾಗ್‌ಗಳ ನಡುವಿನ ಹೊಸ ಸಾಲು, ಟ್ಯಾಬ್ ಕೂಡ ಮೌಲ್ಯದ ಭಾಗವೇ. ಕೀ ಘೋಷಣೆಯಲ್ಲೂ ಹುಡುಕುವಲ್ಲೂ ಹೆಚ್ಚುವರಿ ಖಾಲಿ ಜಾಗ ತೆಗೆಯುವ ನಾರ್ಮಲೈಸ್-ಸ್ಪೇಸ್ ಹಾಕಿ. ವರ್ಡ್‌ನಿಂದ ಅಂಟಿಸಿದ ನಾನ್-ಬ್ರೇಕಿಂಗ್ ಸ್ಪೇಸ್ (ಸಾಲು ಮುರಿಯಲು ಬಿಡದ ಖಾಲಿ ಜಾಗ) ಇದ್ದರೆ ಅದೂ ಸಾಲದು, ಅಕ್ಷರ ಬದಲಿಸುವ ಟ್ರಾನ್ಸ್‌ಲೇಟ್ ಬೇಕು. ಇನ್ನು '007' ಮತ್ತು '7' ಕೀಗೆ ಬೇರೆ ಬೇರೆ, ಏಕೆಂದರೆ 1.0ರಲ್ಲಿ ಅದು ಸಂಖ್ಯೆಯಾಗಿ ಅಲ್ಲ, ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿಯೇ ಹೋಲಿಸುತ್ತದೆ.

'ಸಮವಲ್ಲ' (!=) ಚಿಹ್ನೆ ಹಾಕಿದರೆ ಆ ಕೋಡ್ ಇಲ್ಲದ ಆರ್ಡರ್ ಮಾತ್ರ ಸಿಗುತ್ತದೆ ಎಂಬ ಅರ್ಥದಲ್ಲಿ ನೀವು ಬರೆದ ಸಾಲು ತಿದ್ದಬೇಕು. ಒಂದು ಆರ್ಡರ್‌ನಲ್ಲಿ ಎ, ಬಿ ಎಂದು ಎರಡು ಕೋಡ್ ಇದ್ದರೆ 'ಕೋಡ್ ಎ ಅಲ್ಲ' ಎನ್ನುವುದು ನಿಜವಾಗಿಬಿಡುತ್ತದೆ, ಬಿ ಇದೆಯಲ್ಲ! ಎ ಇಲ್ಲದ ಆರ್ಡರ್ ಮಾತ್ರ ಬೇಕಿದ್ದರೆ 'ಸಮ' ಎಂದೇ ಬರೆದು ಸುತ್ತ 'ನಾಟ್' ಹಾಕಿ.